ಕಡಲೂರಿನಲ್ಲಿ ಕಂಬಳಿ ಮಾಮ

ಚಳ್ಳಕೆರೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಉತ್ತರದಲ್ಲಿ ನಾವು ಹೋಗಿದ್ದ ಕಡಲೂರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಾವು ನೋಡಲು ಹೋದ ಪೈಲ್ವಾನರ ಹೆಸರನ್ನೂ ಬರೆಯುವುದಿಲ್ಲ. ‘ಅವೆರಡು ಬಿಟ್ಟು ಉಳಿದದ್ದು ಬರೆದುಕೋ’ ಎಂದು ಅವರೇ ಹೇಳಿದ್ದಾರೆ. ಹೇಗೂ ಅವರ ನಿಜವಾದ ಹೆಸರು ನಮಗೆ ಎಂದೂ ಬೇಕಾಗಿರಲಿಲ್ಲ. ಚಳ್ಳಕೆರೆಯಲ್ಲಿ ಮೂವತ್ತು ವರ್ಷಗಳಿಂದ ಅವರು ಕಂಬಳಿ ಮಾಮ.

ನಾನು ಮೊಳಕಾಲ್ಮುರಿನವನು. ರೇಷ್ಮೆ ಸೀರೆಯ ಅಂಚಿಗೆ, ಸೆರಗಿಗೆ ಚೌಕಳಿ ಕಾಗದದ ಮೇಲೆ ನಕ್ಷೆ ಬರೆಯುವುದು ನನ್ನ ಕೆಲಸ. ಒಂದು ಹಂಸಕ್ಕೆ ಎಷ್ಟು ಚೌಕ, ಅದರ ಕೊಕ್ಕಿಗೆ ಎಷ್ಟು ಎಂದು ಲೆಕ್ಕ ಹಿಡಿದು ತುಂಬಬೇಕು. ಒಂದು ಚೌಕ ತಪ್ಪಿದರೆ ಆರು ಗಜದುದ್ದಕ್ಕೂ ತಪ್ಪು. ನನ್ನ ಜೊತೆ ಬಂದವನು ಪಾಲಣ್ಣ, ನನ್ನಿವಾಳದವನು. ಚಳ್ಳಕೆರೆಯಲ್ಲಿ ಟ್ರಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಇಬ್ಬರೂ ಚಳ್ಳಕೆರೆಯ ಒಂದೇ ಹಾಸ್ಟೆಲ್ಲಿನಲ್ಲಿದ್ದು ಓದಿದವರು. ಅವನ ಅವ್ವ ಮಾರಕ್ಕ ಆಗ ಹಾಸ್ಟೆಲ್ಲಿನ ಅಡುಗೆಯವರು. ನಾವು ನಲವತ್ತು ಹುಡುಗರೂ ಅವರನ್ನು ಅವ್ವ ಅಂತಲೇ ಕರೆಯುತ್ತಿದ್ದೆವು.

ಭಾನುವಾರ ಸಂಜೆಯಾದರೆ ನಾವೆಲ್ಲ ಸಂತೆ ಮೈದಾನದ ಪಕ್ಕದ ಒಂದು ಟಿವಿ ರಿಪೇರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದೆವು. ಒಳಗಿನ ಟಿವಿಯಲ್ಲಿ ಹೊರದೇಶದ ಕುಸ್ತಿ ಬರುತ್ತಿತ್ತು. ಆ ಟಿವಿಗೆ ಚಿತ್ರವಿತ್ತು, ಸದ್ದಿರಲಿಲ್ಲ. ಅದರ ಸ್ಪೀಕರನ್ನು ಬಿಚ್ಚಿ ಬೇರೆ ಯಾರದೋ ಟಿವಿಗೆ ಹಾಕಿದ್ದರು. ಹೀಗಾಗಿ ಪೈಲ್ವಾನರ ಹೆಸರು ನಮಗೆ ತಿಳಿಯುತ್ತಿರಲಿಲ್ಲ, ನಾವೇ ಇಡುತ್ತಿದ್ದೆವು. ಬಿಳಿ ಚಡ್ಡಿ ಹಾಕಿಕೊಂಡು, ಬೆರಳೆತ್ತಿ, ಮೈಕ್ ಹಿಡಿದು ಎಷ್ಟು ಹೊತ್ತಾದರೂ ಮಾತು ಮುಗಿಸದವನೊಬ್ಬನಿದ್ದ. ಅವನು ಹೆಡ್ ಮೇಷ್ಟ್ರು. ಯಾರಿಗೂ ಅವನನ್ನು ಕಂಡರಾಗುತ್ತಿರಲಿಲ್ಲ.

ಒಂದು ಸಂಜೆ ಅವ್ವ ಸೌಟು ಹಿಡಿದುಕೊಂಡು ನಮ್ಮನ್ನು ಊಟಕ್ಕೆ ಕರೆಯಲು ಅಂಗಡಿಗೇ ಬಂದರು. ಆಗ ಪರದೆಯ ಮೇಲೆ ಒಬ್ಬ ದಪ್ಪ ಮನುಷ್ಯ ಕರಿ ಉಣ್ಣೆಯ ಒರಟು ನಿಲುವಂಗಿಯನ್ನು ಹೆಗಲಿಗೆ ಇಳಿಬಿಟ್ಟುಕೊಂಡು, ಯಾರನ್ನೂ ನೋಡದೆ ರಿಂಗಿನ ಕಡೆ ನಡೆದು ಬರುತ್ತಿದ್ದ.

“ಇವನ್ಯಾರ್ಲಾ?” ಅಂದರು ಅವ್ವ. “ಥೇಟ್ ನಮ್ಮಣ್ಣ ಕಂಬಳಿ ಹೊದ್ಕಂಡು ಕುರಿ ಹಿಂದೆ ಬಂದಂಗೆ ಬರ್ತಾನಲ್ಲ!”

ಅವ್ವನ ಅಣ್ಣನೆಂದರೆ ನಮಗೆ ಮಾಮ. ಅಂದಿನಿಂದ ಅವನು ನಮ್ಮವನಾದ. ಅವನು ಬಂದಾಗಲೆಲ್ಲ ಟಿವಿಯೊಳಗೆ ಸಾವಿರಾರು ಜನ ಎದ್ದು ಕೈಬೀಸಿ ಬಾಯಿ ತೆರೆಯುತ್ತಿದ್ದರು. ನಾವೂ ಎದ್ದು ಕೈಬೀಸಿ ಕೂಗುತ್ತಿದ್ದೆವು.

ಏಳೆಂಟು ವರ್ಷಗಳ ಹಿಂದೆ ಪಾಲಣ್ಣ ಆ ನಲವತ್ತು ಜನರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತೆಗೆದ. ಅಂದಿನಿಂದ ವರ್ಷಕ್ಕೊಂದು ಭಾನುವಾರ ಚಳ್ಳಕೆರೆಯ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ಸೇರುತ್ತೇವೆ. ತಳಕಿನಿಂದ, ದೇವಸಮುದ್ರದಿಂದ, ಬಳ್ಳಾರಿಯಿಂದ ಬರುತ್ತಾರೆ. ಹಳೆಯ ಕುಸ್ತಿ ಕಾರ್ಡುಗಳನ್ನು ತಂದು ಆಡುತ್ತಾರೆ, ಗೋಡೆಯ ಮೇಲೆ ಹಳೆಯ ಕುಸ್ತಿ ಹಾಕಿ ನೋಡುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ. ಪದ್ಧತಿ ಬಿಡಬಾರದೆಂದು ಈಗಲೂ ಸದ್ದು ಬಂದ್ ಮಾಡಿಯೇ ನೋಡುತ್ತೇವೆ. ಗೋಡೆಯ ಮೇಲೆ ಕಂಬಳಿ ಮಾಮನಿದ್ದ ಒಂದು ಫೋಟೊ ಇಂಟರ್ನೆಟ್‌ನಲ್ಲಿ ಸುತ್ತಾಡಿ ಇಂಗ್ಲೆಂಡಿನ ಮಾರ್ಗರೆಟ್ ಎಂಬಾಕೆಯ ಕಣ್ಣಿಗೆ ಬಿತ್ತು. ಅವರು ತಮ್ಮ ಊರಿನಲ್ಲಿ ಇಂಥದೇ ಸಮ್ಮೇಳನ ನಡೆಸುವವರು, ಆದರೆ ಅಲ್ಲಿಗೆ ಹಳೆಯ ಪೈಲ್ವಾನರೇ ಬರುತ್ತಾರೆ. ಈ ವರ್ಷ ನಿಮ್ಮ ಪೈಲ್ವಾನ ಬರುತ್ತಿದ್ದಾನೆ, ನಿಮಗೊಂದು ಮೇಜು ಕೊಡುತ್ತೇನೆ, ಬನ್ನಿ ಎಂದು ಬರೆದರು.

ಪಾಲಣ್ಣ ಎರಡೂ ಸಮ್ಮೇಳನಗಳನ್ನು ಒಂದೇ ದಿನಕ್ಕೆ ಹೊಂದಿಸಿದ. ಅಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ಚಳ್ಳಕೆರೆಯಲ್ಲಿ ಸಂಜೆ ಏಳೂವರೆ. ಆ ಹೊತ್ತಿಗೆ ಮಂಟಪದ ಗೋಡೆಯ ಮೇಲೆ ಕಂಬಳಿ ಮಾಮ ವಿಡಿಯೋ ಕಾಲ್‌ನಲ್ಲಿ ಕಾಣಿಸಿಕೊಳ್ಳುತ್ತಾನೆ, ಅದೂ ಚಳ್ಳಕೆರೆಯ ಕಂಬಳಿ ಹೊದ್ದು ಕಾಣಿಸಿಕೊಳ್ಳುತ್ತಾನೆ ಎಂದು ಉಳಿದವರೆಲ್ಲರಿಗೂ ಮಾತು ಕೊಟ್ಟ. ಕಂಬಳಿಯ ಉಣ್ಣೆಯನ್ನು ಅವ್ವ ತಾವೇ ನೂತರು. ಹೊರಡುವ ದಿನ ಅದನ್ನು ಮಡಿಸಿ ಕೊಡುತ್ತ ಹೇಳಿದರು:

“ಬರೇ ಕೊಟ್ಟು ಬಂದ್ವಿ ಅಂದ್ರೆ ನಾನೊಪ್ಪಲ್ಲ. ಅವ್ನು ಹೊದ್ಕಂಡಿದ್ದು ಕಾಣಬೇಕು. ಮುಂದಿನ ಸಾಲಾಗೆ ಕುಂತಿರ್ತೀನಿ.”

“ಹೊದಿಸ್ತೀನಿ ಕಣವ್ವ,” ಅಂದ ಪಾಲಣ್ಣ, ಮಾಮ ಅವನ ಅಂಗಡಿಯಲ್ಲೇ ಕೆಲಸಕ್ಕಿರುವ ಹಾಗೆ.

ವಿಮಾನ ನಿಲ್ದಾಣದಲ್ಲಿ ನಾಯಿ

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ನಮ್ಮನ್ನು ಮೊದಲು ಮಾತಾಡಿಸಿದ್ದು ಒಂದು ನಾಯಿ. ಕಂದು ಬಣ್ಣದ್ದು, ಜೋಲು ಕಿವಿಯದು. ಸಾಲಿನಲ್ಲಿದ್ದ ಎಲ್ಲ ಚೀಲಗಳನ್ನೂ ಮೂಸಿಕೊಂಡು ಬಂದು ಪಾಲಣ್ಣನ ಚೀಲದ ಮುಂದೆ ಕೂತುಬಿಟ್ಟಿತು. ಎಳೆದರೂ ಏಳಲಿಲ್ಲ.

ಅಧಿಕಾರಿಯೊಬ್ಬಳು ಚೀಲ ಬಿಚ್ಚಿಸಿದಳು. ಕಂಬಳಿ ಹೊರಬಂತು. ನಮ್ಮ ಕಡೆ ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಹೊಸ ಕಂಬಳಿ ತಗಡಿನ ಹಾಗೆ ಬಿರುಸಾಗಿರುತ್ತದೆ. ಗಂಜಿಯ ವಾಸನೆಯೂ ಕುರಿಯ ವಾಸನೆಯೂ ಸೇರಿ ಆ ದೊಡ್ಡ, ಸ್ವಚ್ಛವಾದ ಹಾಲ್‌ನಲ್ಲಿ ಹರಡಿತು. ಹಿಂದಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

“ಇದೇನು?” ಎಂದು ಕೇಳಿದಳು.

ನನಗೆ ಇಂಗ್ಲಿಷ್ ಬರುತ್ತದೆ, ನಿಧಾನವಾಗಿ ಬರುತ್ತದೆ. ನಾನು ವಾಕ್ಯ ಜೋಡಿಸುವಷ್ಟರಲ್ಲಿ ಪಾಲಣ್ಣ ಕಂಬಳಿಯ ಒಂದು ತುದಿಯನ್ನು ಮಡಿಸಿ, ಮಳೆಯಲ್ಲಿ ಕುರಿ ಕಾಯುವವರು ತಲೆಯಿಂದ ಇಳಿಬಿಡುವಂತೆ ಕೊಪ್ಪೆ ಮಾಡಿ ಹಾಕಿಕೊಂಡು ನಿಂತ. ಮುಖ ಮಾತ್ರ ಕಾಣುತ್ತಿತ್ತು. ಅಧಿಕಾರಿ ಅವನನ್ನು ನೋಡಿದಳು. ನಾಯಿಯೂ ನೋಡಿತು. ಆಮೇಲೆ ಅವಳು ಕನ್ನಡಕ ತೆಗೆದು ಒರೆಸಿಕೊಂಡು, “ನನ್ನಜ್ಜ ಕೂಡ ಕುರಿ ಸಾಕಿದ್ದ, ಹೋಗಿ,” ಅಂದಳು.

“ನೋಡ್ದ್ಯೇನಲೇ?” ಎಂದ ಪಾಲಣ್ಣ ಹೊರಗೆ ಬಂದು. “ಈ ದೇಶದಾಗೂ ಕುರಿ ಅಂದ್ರೆ ಮರ್ಯಾದೆ ಐತೆ.”

ಕಡಲೂರು, ಶನಿವಾರ

ನಾವು ಉಳಿದದ್ದು ಒಂದು ಮನೆಯ ಮಹಡಿಯ ಕೋಣೆಯಲ್ಲಿ. ಮನೆಯವರು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ, ಬೆಳಗಿನ ತಿಂಡಿಯನ್ನೂ ಕೊಡುತ್ತಾರೆ. ತಿಂಡಿ ಎಂದರೆ ಸುಟ್ಟ ಬ್ರೆಡ್ಡಿನ ಮೇಲೆ ಸಿಹಿ ಟೊಮೆಟೊ ರಸದಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ. ಪಾಲಣ್ಣ ಅದಕ್ಕೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಕಲಸಿಕೊಂಡ. ಮನೆಯಾಕೆ ಒಂದು ಚಮಚ ಕೇಳಿ ರುಚಿ ನೋಡಿದರು, ನೀರು ಕುಡಿದರು, ಮತ್ತೆ ಒಂದು ಚಮಚ ಕೇಳಿದರು.

ಸಮುದ್ರ ಬೂದು ಬಣ್ಣದ್ದಾಗಿತ್ತು. ಗಾಳಿ ಜೋರಾಗಿತ್ತು, ನಮ್ಮ ಆಷಾಢದ ಗಾಳಿಯ ಹಾಗೆ, ಆದರೆ ತಣ್ಣಗೆ. ಬೇಸಿಗೆ ಎನ್ನುತ್ತಿದ್ದರು. ದಂಡೆಯ ಮೇಲೆ ಜನ ಸ್ವೆಟರ್ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು. ಇಲ್ಲಿಯವರ ಇನ್ನೊಂದು ಅಭ್ಯಾಸ, ಯಾರ ಮೈ ಯಾರಿಗೆ ತಗುಲಿದರೂ ಇಬ್ಬರೂ ಕ್ಷಮೆ ಕೇಳುವುದು. ಪಾಲಣ್ಣ ಒಂದು ಕಂಬಕ್ಕೆ ಡಿಕ್ಕಿ ಹೊಡೆದಾಗ ಪಕ್ಕದಲ್ಲಿ ಸುಮ್ಮನೆ ಹೋಗುತ್ತಿದ್ದ ಮುದುಕರೊಬ್ಬರು ಕ್ಷಮಿಸಿ ಅಂದರು. “ಕಂಬದ ಪರವಾಗಿ ಹೇಳಿದ್ರೇನಲೇ?” ಎಂದು ಅವನು ನನ್ನನ್ನು ಕೇಳಿದ.

ಸಂಜೆ ಮಾರ್ಗರೆಟ್ ಬಂದರು. ಎಪ್ಪತ್ತರ ಆಸುಪಾಸು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕಂಡಕ್ಟರರ ದನಿ ಇನ್ನೂ ಹಾಗೇ ಇತ್ತು. ತೋಳಿಗೆ ಒಂದು ದೊಡ್ಡ ಕಂದು ಕೈಚೀಲ ತೂಗಿಹಾಕಿಕೊಂಡಿದ್ದರು. ಅದರಲ್ಲಿ ಸಮ್ಮೇಳನದ ಎಲ್ಲವೂ ಇತ್ತು: ಬೀಗದ ಕೈ, ಟಿಕೆಟಿನ ಪುಸ್ತಕ, ಅಂಟುಪಟ್ಟಿ, ಮಾತ್ರೆಗಳು. ಕುರ್ಚಿ ಹಾಕುವುದಕ್ಕೆ ಕೈ ಸಾಲದೆಂದು ನಮ್ಮನ್ನು ಸಭಾಂಗಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪಾಲಣ್ಣನಿಗೆ ಮನೆಯಲ್ಲಿದ್ದ ಹಾಗಾಯಿತು. ಕುರ್ಚಿಗಳನ್ನು ಎಂಟೆಂಟು ಒಟ್ಟಿ ಹೊತ್ತ. ರಿಂಗಿನ ಒಂದು ಮೂಲೆಯ ಕಂಬ ಅಲುಗಾಡುತ್ತಿತ್ತು. ಅದರ ಬುಡಕ್ಕೆ ಬಗ್ಗಿ ಬೋಲ್ಟ್ ಬಿಗಿದ. ಬಗ್ಗುವ ಮೊದಲು ಚಪ್ಪಲಿ ಬಿಟ್ಟ, ಬಿಗಿದಾದ ಮೇಲೆ ರಿಂಗಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ಚಿಕ್ಕಂದಿನಲ್ಲಿ ಗರಡಿ ಮನೆಗೆ ಹೋಗುತ್ತಿದ್ದವನು. ಅಲ್ಲಿ ಕಣದ ಮಣ್ಣಿನ ಮೇಲೆ ಚಪ್ಪಲಿ ಕಾಲಿಡುವಂತಿಲ್ಲ. ಮಾರ್ಗರೆಟ್ ಅದನ್ನು ನೋಡಿದರು.

ನಮ್ಮ ಮೇಜು ಬಾಗಿಲಿನ ಎಡಕ್ಕಿತ್ತು. ಮೇಲೆ ‘ಚಳ್ಳಕೆರೆ’ ಎಂದು ಬರೆದ ರಟ್ಟು ಇಟ್ಟಿದ್ದರು. ಅದರ ಎದುರಿನ ಗೋಡೆಯಲ್ಲಿ ಕಂಬಳಿ ಮಾಮನ ದೊಡ್ಡ ಚಿತ್ರ. ಅದೇ ನಿಲುವಂಗಿ, ಅದೇ ಮೋರೆ. ಕೆಳಗೆ ಒಂದು ಸಾಲು. ನಾನು ಎರಡು ಸಲ ಓದಿದೆ.

“ಏನ್ ಬರ್ದೈತಲೇ?”

“‘ನಾವು ಎಲ್ಲರಿಗಿಂತ ಹೆಚ್ಚು ದ್ವೇಷಿಸಿದ ಮನುಷ್ಯ’ ಅಂತ.”

ಪಾಲಣ್ಣ ನಗಲು ಬಾಯಿ ತೆರೆದು ಹಾಗೇ ನಿಲ್ಲಿಸಿದ. ನಾನು ಮಾರ್ಗರೆಟ್‌ರನ್ನು ಕೇಳಿದೆ. ಅವರು ನಮ್ಮಿಬ್ಬರ ಮುಖವನ್ನೂ ನೋಡಿ, ಒಂದು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಅವನು ವಿಲನ್. ನಲವತ್ತು ವರ್ಷ ಅದೇ ಅವನ ಕೆಲಸ. ಬಿಳಿ ಚಡ್ಡಿಯವನು ಹೀರೋ. ಇವನು ಬಂದರೆ ಜನ ಎದ್ದು ನಿಂತು ಛೀ, ಥೂ ಎಂದು ಕೂಗಬೇಕು, ಮುಂದಿನ ಸಾಲಿನ ಅಜ್ಜಿಯರು ಕೈಚೀಲದಿಂದ ಬಡಿಯಬೇಕು, ಇವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬೆನ್ನು ತಿರುಗಿಸಬೇಕು. ಅವನಿಗೆ ಯಾರೂ ಎಲ್ಲೂ ಜೈ ಅಂದದ್ದಿಲ್ಲ. ರಿಂಗಿನ ಹೊರಗೂ ಅವನು ಅಭಿಮಾನಿಗಳ ಕೈ ಕುಲುಕುವುದಿಲ್ಲ, ಉಡುಗೊರೆ ತೆಗೆದುಕೊಳ್ಳುವುದಿಲ್ಲ. ಅದು ಅವನ ಪದ್ಧತಿ.

ನಾನು ಕನ್ನಡದಲ್ಲಿ ಹೇಳಿದೆ. ಪಾಲಣ್ಣ ಎದುರಿನ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಅಂದ್ರೆ ಆ ಟಿವಿಯಾಗೆ ಅಷ್ಟ್ ಜನ ಎದ್ದು ನಿಂತು…”

“ಬೈತಿದ್ರು.”

“ನಾವು?”

“ನಾವು ಜೈ ಅಂತಿದ್ವಿ.”

“ಇದನ್ನ ಅವ್ವಂಗೆ ಹೇಳಬ್ಯಾಡ,” ಅಂದ. ಆಮೇಲೆ, “ಉಡುಗೊರೆ ತಗಳಲ್ಲ ಅಂದ್ರಾ?” ಎಂದು ಕೇಳಿದ. ಕಂಬಳಿ ಅವನ ತೊಡೆಯ ಮೇಲಿತ್ತು.

ಭಾನುವಾರ ಮಧ್ಯಾಹ್ನ, ರಿಂಗಿನ ಬಳಿ

ಇನ್ನು ಬರೆಯುವುದನ್ನು ನಾನು ಎಂಟು ಹೆಜ್ಜೆ ದೂರದಿಂದ ಕಂಡೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಎರಡು ಗಂಟೆಗೆ ಸಭಾಂಗಣ ತುಂಬಿತ್ತು. ನಮ್ಮ ವಯಸ್ಸಿನವರೇ ಹೆಚ್ಚು. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಕೂರುವಂಥ ಮುಖಗಳು, ಆದರೆ ಮೈಮೇಲೆ ಮುಖವಾಡ, ಬಣ್ಣದ ಬಿಗಿ ಚಡ್ಡಿ, ರಟ್ಟಿನ ಬೆಲ್ಟು. ಮಂಟಪದಲ್ಲಿ ನಮ್ಮವರೂ ಹೀಗೇ ಹೊಟ್ಟೆಯ ಮೇಲೆ ಬೆಲ್ಟು ಬಿಗಿದುಕೊಂಡು ಓಡಾಡುತ್ತಿರುತ್ತಾರೆ ಎಂದು ನೆನೆಸಿಕೊಂಡು ನಕ್ಕೆವು. ಮಾರ್ಗರೆಟ್ ಮುಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಪಕ್ಕ ನಾವು.

ಮೊದಲು ಹೆಡ್ ಮೇಷ್ಟ್ರು ಬಂದರು. ತಲೆ ಪೂರ್ತಿ ಬೋಳಾಗಿತ್ತು, ಬೆರಳು ಮಾತ್ರ ಹಾಗೇ ಇತ್ತು. ಆಮೇಲೆ ಕಂಬಳಿ ಮಾಮ. ಟಿವಿಯಲ್ಲಿದ್ದಷ್ಟು ದಿನ ಅವರು ನನ್ನ ಬಾಯಲ್ಲಿ ‘ಅವನು’ ಆಗಿದ್ದರು. ಎದುರಿಗೆ ಕಂಡದ್ದು ಎಪ್ಪತ್ತನಾಲ್ಕು ವರ್ಷದ ಹಿರಿಯರು. ಹಳೆಯ ನಿಲುವಂಗಿ ಇರಲಿಲ್ಲ. ಅದನ್ನು ಹುಳು ತಿಂದಿತಂತೆ. ಬರಿ ಹೆಗಲಿನಲ್ಲೇ ಬಂದರು. ಇಡೀ ಸಭೆ ಎದ್ದು ಬೈಯತೊಡಗಿತು. ಮೂವತ್ತು ವರ್ಷ ಬಾಯಿ ತೆರೆದದ್ದನ್ನು ಮಾತ್ರ ಕಂಡಿದ್ದ ಆ ಕೂಗನ್ನು ನಾನು ಮೊದಲ ಸಲ ಕೇಳಿದ್ದು ಅಂದು.  ಆದರೆ ಸುತ್ತ ನೋಡಿದರೆ ಬೈಯುವವರೆಲ್ಲರ ಮುಖದಲ್ಲೂ ನಗು.

ಆಟ ಚಿಕ್ಕದು. ಮೇಷ್ಟ್ರು ಒಂದು ಪೆಟ್ಟು ಕೊಡಬೇಕು, ಮಾಮ ಬೀಳಬೇಕು, ತೆವಳಿಕೊಂಡು ಮುಷ್ಟಿ ತೋರಿಸುತ್ತ ಓಡಿಹೋಗಬೇಕು. ಪೆಟ್ಟು ಬಿತ್ತು. ಮಾಮ ಬಿದ್ದರು. ಸಭೆ ಕುಣಿಯಿತು.

ಅವರು ಬೀಳುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಬೆನ್ನು ನೆಲಕ್ಕೆ ತಾಗುವ ಮೊದಲು ಬಲಗೈ ಅಂಗೈ ನೆಲಕ್ಕೆ ಬಡಿಯುತ್ತದೆ. ಪ್ರತಿ ಸಲವೂ. ಈ ಸಲ ಕೈ ಬಡಿಯಲಿಲ್ಲ. ಅದು ಮೊಣಕಾಲನ್ನು ಹಿಡಿದುಕೊಂಡಿತ್ತು. ಒಂದು ಚೌಕ ತಪ್ಪಿತ್ತು.

“ಪಾಲಣ್ಣ,” ಅಂದೆ, “ಇದು ನಿಜ.”

ಅವನು ಆಗಲೇ ಎದ್ದಿದ್ದ. ಅವನಿಗೆ ಈ ಕುಸ್ತಿಯಲ್ಲಿ ಎಂದೂ ಯಾವುದೂ ಸುಳ್ಳೆಂದು ಅನಿಸಿರಲಿಲ್ಲ. ಕಂಬಳಿ ಹೆಗಲಿಗೆಸೆದುಕೊಂಡು ಓಡಿದ. ರಿಂಗಿನ ಮೆಟ್ಟಿಲ ಬಳಿ ಗಕ್ಕನೆ ನಿಂತ, ಎರಡೂ ಚಪ್ಪಲಿ ಬಿಟ್ಟ, ಹಗ್ಗ ದಾಟಿದ. ನಾನೂ ಹಿಂದೆ ಓಡಿದೆ. ನಾನು ಪ್ರವಾಸಕ್ಕೆಂದು ಲೇಸಿನ ಶೂ ಹೊಸದಾಗಿ ತೆಗೆದುಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿದೆ. ಎಡಗಾಲಿನದು ಗಂಟಾಯಿತು. ಎರಡು ಸಾವಿರ ಕಣ್ಣುಗಳ ಎದುರು ಒಬ್ಬ ಮನುಷ್ಯ ಆಪತ್ತಿನಲ್ಲಿರುವಾಗ ನಾನು ಶೂ ಬಿಚ್ಚುತ್ತ ಕೂತಿದ್ದೆ. ಹಾಗೇ ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ. ಆಗ ಹೊಳೆಯಲಿಲ್ಲ.

ನಾನು ಒಳಗೆ ಹೋಗುವ ಹೊತ್ತಿಗೆ ಪಾಲಣ್ಣ ಅವರ ಮೇಲೆ ಕಂಬಳಿ ಹೊದಿಸಿ ಪಕ್ಕದಲ್ಲಿ ಮಂಡಿಯೂರಿದ್ದ. ಸಭೆ ನಮ್ಮನ್ನು ನೋಡಿ ಹೋ ಎನ್ನುತ್ತಿತ್ತು. ನಾನು ಬಗ್ಗಿದೆ. ಕಂಬಳಿಯ ಮರೆಯಿಂದ ಮಾಮ ಮೆಲ್ಲಗೆ ಹೇಳಿದರು:

“ಮೊಣಕಾಲು. ಏಳಲಾಗುತ್ತಿಲ್ಲ. ಅವರಿಗೆ ಗೊತ್ತಾಗಬಾರದು.”

“ಡಾಕ್ಟರನ್ನು ಕರೆಯುತ್ತೇನೆ,” ಅಂದೆ.

ಅವರು ನನ್ನ ಮಣಿಕಟ್ಟು ಹಿಡಿದರು.  “ಬೇಡ. ಹೊತ್ತುಕೊಂಡು ಹೋದರೆ ಅವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅಯ್ಯೋ ಪಾಪ ಅನ್ನುತ್ತಾರೆ. ನಲವತ್ತು ವರ್ಷ ಒಬ್ಬರೂ ತಟ್ಟದ ಹಾಗೆ ನೋಡಿಕೊಂಡಿದ್ದೇನೆ. ತಟ್ಟಲು ಬಿಡಬೇಡ.”

ನಾನು ಅದನ್ನು ಕನ್ನಡದಲ್ಲಿ, ಅಷ್ಟೇ ಮೆಲ್ಲಗೆ, ಪಾಲಣ್ಣನಿಗೆ ಹೇಳಿದೆ.

“ಚಪ್ಪಾಳೆ ಬ್ಯಾಡ್ವಾ?” ಅಂದ. ಒಂದು ಕ್ಷಣ ಯೋಚಿಸಿದ. “ಬೈಗುಳ ತಾನೇ ಬೇಕು? ನಾನ್ ಕೊಡಿಸ್ತೀನಿ. ನೀನು ಆ ಕಡೆ ತೋಳು ಹಿಡ್ಕಳಲೇ.”

ಎದ್ದು ನಿಂತ. ಹೆಡ್ ಮೇಷ್ಟ್ರ ಕಡೆ ತಿರುಗಿ ಎರಡೂ ತೋಳೆತ್ತಿ ಗರಡಿಯಲ್ಲಿ ಮಾಡುವಂತೆ ತೊಡೆ ತಟ್ಟಿದ. ಆ ಸದ್ದು ಸಭಾಂಗಣದ ಕೊನೆಗೆ ಮುಟ್ಟಿತು. ಆಮೇಲೆ ಮಾತು ಶುರು ಮಾಡಿದ:

“ಏಯ್ ಮೇಷ್ಟ್ರೇ! ಮೂವತ್ತ್ ವರ್ಷದಿಂದ ನೋಡ್ತಾ ಇದೀನಿ, ನಿಂದು ಬರೇ ಮಾತೇ ಆಯ್ತು! ವಯಸ್ಸಾದೋರ ಮೇಲೆ ಕೈ ಮಾಡ್ತೀಯಾ? ಬಾ, ಚಳ್ಳಕೆರೆಗೆ ಬಾ!” ಕನ್ನಡ ಸಾಲದೆಂದು ತೆಲುಗಿಗೆ ಹೊರಳಿದ. ಅವನು ಬೈಯುವುದು ಯಾವಾಗಲೂ ತೆಲುಗಿನಲ್ಲೇ. “ರಾರಾ! ದಮ್ಮುಂಟೆ ರಾರಾ!”

ಯಾರಿಗೂ ಒಂದು ಅಕ್ಷರ ತಿಳಿಯಲಿಲ್ಲ, ಅರ್ಥ ಎಲ್ಲರಿಗೂ ಆಯಿತು. ವಿಲನ್ನಿಗೆ ಇಬ್ಬರು ಹೊಸ ಚೇಲಾಗಳು ಬಂದಿದ್ದಾರೆ, ಅದೂ ಶೂ ಇಲ್ಲದೆ! ಸಭೆ ಹುಚ್ಚೆದ್ದು ಬೈಯಿತು. ಆ ಗದ್ದಲದಲ್ಲಿ ನಾವು ಮಾಮನನ್ನು ಎತ್ತಿದೆವು. ಕಂಬಳಿ ಹೆಗಲಿನಿಂದ ನೆಲದವರೆಗೆ ಬಿರುಸಾಗಿ ನಿಂತಿತ್ತು. ಒಳಗೆ ಒಂದು ಕಾಲು ನೆಲ ಮುಟ್ಟುತ್ತಿಲ್ಲ ಎಂಬುದು ಯಾರಿಗೂ ಕಾಣಲಿಲ್ಲ. ಹುಣಸೆಬೀಜದ ಗಂಜಿಗೆ ಅಂದು ಮನಸ್ಸಿನಲ್ಲೇ ಕೈಮುಗಿದೆ.

ಹೆಡ್ ಮೇಷ್ಟ್ರು ಜಾಣರು. ಮಾಮನ ಮುಖ ಒಮ್ಮೆ ನೋಡಿದರು, ಅರ್ಥ ಮಾಡಿಕೊಂಡರು. ತಕ್ಷಣ ಬೆರಳೆತ್ತಿ ಪಾಲಣ್ಣನಿಗೆ ಉದ್ದವಾಗಿ ಬುದ್ಧಿ ಹೇಳಲು ಶುರು ಮಾಡಿ ಜನರ ಕಣ್ಣನ್ನೆಲ್ಲ ತಮ್ಮ ಕಡೆ ಎಳೆದುಕೊಂಡರು. ಅವರು ಎಷ್ಟೊಂದು ಮಾತಾಡುತ್ತಾರೆ ಎಂದು ನನಗೆ ಮೊದಲ ಸಲ ಸಂತೋಷವಾಯಿತು.

ನಾವು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಇಳಿದೆವು. ಮಾಮನ ಪೂರ್ತಿ ಭಾರ ನನ್ನ ಎಡಹೆಗಲಿನ ಮೇಲಿತ್ತು.  ಅವರು ಮಾತ್ರ ಎಡಕ್ಕೂ ಬಲಕ್ಕೂ ಮುಷ್ಟಿ ತೋರಿಸಿ ಬೈಯುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಎಲ್ಲಿಯೋ ಒಂದು ಜೋಡಿ ಕೈ ಚಪ್ಪಾಳೆಗೆ ಕೂಡುವುದು ಕಂಡಿತು. ಯಾರಿಗೋ ಅನುಮಾನ ಬಂದಿರಬೇಕು. ಅಷ್ಟರಲ್ಲಿ ಮಾರ್ಗರೆಟ್ ಎದ್ದರು. ಕಂದು ಕೈಚೀಲವನ್ನು ಗಿರ್ರನೆ ಬೀಸಿ ನನ್ನ ಬೆನ್ನಿಗೆ ಬಾರಿಸಿದರು. ಬೀಗದ ಕೈಗಳ ಗೊಂಚಲು ಎಲ್ಲಿ ತಾಗಿತು ಎಂದು ನಾನು ಇವತ್ತಿಗೂ ತೋರಿಸಬಲ್ಲೆ. ಸಭೆ ನಕ್ಕು, ಶಿಳ್ಳೆ ಹಾಕಿ, ಮತ್ತೆ ಬೈಯತೊಡಗಿತು. ಎರಡನೆಯ ಏಟು ಕೊಡುತ್ತ ಅವರು ನನ್ನ ಕಿವಿಯಲ್ಲಿ, “ಕ್ಷಮಿಸಿ,” ಅಂದರು.

ಪರದೆ ದಾಟುವವರೆಗೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಪರದೆಯ ಹಿಂದೆ

ಡಾಕ್ಟರು ಬಂದು ನೋಡಿದರು. ಮೂಳೆಗೆ ಏನೂ ಆಗಿಲ್ಲ, ಮೊಣಕಾಲಿನ ನರ ಎಳೆದುಕೊಂಡಿದೆ, ಮೂರು ವಾರ ಕಾಲೂರಬೇಡಿ ಎಂದು ಪಟ್ಟಿ ಸುತ್ತಿ ಹೋದರು. ಮಾಮ ಒಂದು ಮರದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಕಂಬಳಿ ಹೆಗಲಿನ ಮೇಲೇ ಇತ್ತು, ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.   ನಾವಿಬ್ಬರೂ ಇನ್ನೂ ಬರಿಗಾಲಿನಲ್ಲೇ ಇದ್ದೆವು. ಮಾರ್ಗರೆಟ್ ಹೋಗಿ ನಮ್ಮ ಚಪ್ಪಲಿ, ಶೂ ತಂದುಕೊಟ್ಟರು.

“ನೀವಿಬ್ಬರು ಯಾರು?” ಎಂದು ಮಾಮ ಕೇಳಿದರು.

ನಾನು ಹೇಳಿದೆ. ಹಾಸ್ಟೆಲ್, ರಿಪೇರಿ ಅಂಗಡಿ, ಸದ್ದಿಲ್ಲದ ಟಿವಿ, ಅವ್ವ, ಅವ್ವನ ಅಣ್ಣ, ಕಂಬಳಿ. ಒಂದನ್ನೂ ಬಿಡದೆ ಹೇಳಿದೆ. ಅವರು ಸಂತೋಷಪಡುತ್ತಾರೆಂದು ಎಣಿಸಿದ್ದೆ. ಅವರ ಮುಖ ಬಿಗಿಯಿತು.

“ಜೈ ಅನ್ನುತ್ತಿದ್ದಿರಾ? ನನಗಾ?”

“ಹೌದು.”

“ಅವನ ಕಣ್ಣಿಗೆ ಬೆರಳು ಹಾಕಿದಾಗಲೂ?”

“ಆಗ ಇನ್ನೂ ಜೋರಾಗಿ.”

“ಹಾಗಾದರೆ ಒಂದು ಊರಿನಲ್ಲಿ ನನ್ನ ಕೆಲಸ ಕೆಟ್ಟುಹೋಗಿದೆ,” ಅಂದರು ಮಾಮ. ತಮಾಷೆಗೆ ಹೇಳಿದ್ದಲ್ಲ. ನನ್ನ ನಕ್ಷೆಯ ಸೀರೆಯಲ್ಲಿ ಯಾರಾದರೂ ತಪ್ಪು ತೋರಿಸಿದರೆ ನನ್ನ ಮುಖವೂ ಹಾಗೇ ಆಗುತ್ತದೆ.

ಮೂರು ಗಂಟೆಗೆ ಐದು ನಿಮಿಷವಿತ್ತು. ಪಾಲಣ್ಣ ನನ್ನ ತೋಳು ಹಿಂಡಿದ. “ಕೇಳಲೇ. ಫೋನಿನಾಗೆ ಒಂದ್ ಸಲ ಕಾಣಿಸ್ಕಳ್ಳಿ ಅನ್ನು. ಹೊದ್ಕಂಡೇ ಅವ್ರಲ್ಲ.”

ಕೇಳಿದೆ. ಅವರು ಬೇಡವೆಂದರು. ಅಭಿಮಾನಿಗಳ ಜೊತೆ ಫೋಟೊ ಇಲ್ಲ, ಉಡುಗೊರೆ ಇಲ್ಲ, ಹಲ್ಲು ಬಿಡುವುದಿಲ್ಲ. ನೀವು ಇಂದು ಮಾಡಿದ್ದನ್ನು ಮರೆಯುವುದಿಲ್ಲ, ಆದರೆ ಅದು ಬೇರೆ, ಇದು ಬೇರೆ. ಪಾಲಣ್ಣನಿಗೆ ಅನುವಾದ ಬೇಕಾಗಲಿಲ್ಲ. ಅವನು ಗೋಡೆಗೆ ಒರಗಿ ಚಪ್ಪಲಿಯೊಳಗೆ ಕಾಲು ತೂರಿಸತೊಡಗಿದ. ಒಂದೇ ಚಪ್ಪಲಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದ. 

ಆಗ ಫೋನು ಬಂತು. ಎತ್ತಿದರೆ ಪರದೆಯ ತುಂಬ ಅವ್ವನ ಮುಖ. ಯಾರೋ ಅವರ ಕೈಗೇ ಫೋನು ಕೊಟ್ಟಿದ್ದರು. ಹಿಂದೆ ಮಂಟಪದ ಗದ್ದಲ.

“ಎಲ್ಲವನ್ಲಾ?”

ಪಾಲಣ್ಣ ಫೋನಿನ ಮುಖವನ್ನು ಸುಮ್ಮನೆ ಮಾಮನ ಕಡೆ ತಿರುಗಿಸಿದ. ಅವ್ವ ಕಣ್ಣು ಕಿರಿದು ಮಾಡಿ ನೋಡಿದರು.

“ಯಪ್ಪಾ, ಎಷ್ಟ್ ಸೊರಗಿದೀಯಪ್ಪ! ಚಳಿ ಐತೇನಪ್ಪ ಅಲ್ಲಿ? ಸರಿಯಾಗ್ ಹೊದ್ಕಳಪ್ಪ, ಎದೆ ಕಾಣ್ತೈತೆ.”

ಮಾಮ ನನ್ನ ಕಡೆ ನೋಡಿದರು. ಸೊರಗಿದ್ದೀಯ, ಚಳಿಯಿದೆಯೇ, ಎದೆ ಮುಚ್ಚಿಕೋ ಎನ್ನುತ್ತಿದ್ದಾರೆ ಅಂದೆ.

 ಅವರು ಹುಬ್ಬು ಗಂಟಿಕ್ಕಿದರು. ಟಿವಿಯಲ್ಲಿ ಕಂಡಿದ್ದ ಅದೇ ಮೋರೆ. “ಹೇಳು ಅವಳಿಗೆ,” ಅಂದರು, “ಈ ಕಂಬಳಿ ನೆಂದ ನಾಯಿಯ ಹಾಗೆ ನಾರುತ್ತದೆ.”

ಹೇಳುವುದೋ ಬೇಡವೋ ಎಂದು ಹಿಂಜರಿದೆ. ಆದರೆ ಅನುವಾದ ಒಪ್ಪಿಕೊಂಡ ಮೇಲೆ ಬದಲಿಸುವಂತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

“ಮತ್ತೆ?” ಅಂದರು ಅವ್ವ. “ಕುರಿ ಕಂಬಳಿ ಕುರಿ ವಾಸ್ನೆ ಬರದೆ ಮಲ್ಲಿಗೆ ವಾಸ್ನೆ ಬರ್ತೈತಾ? ಮೂರ್ ಬಿಸ್ಲಿಗೆ ಹಾಕು, ಹೋಗ್ತೈತೆ. ನಮ್ಮಣ್ಣನೂ ಹಿಂಗೇ, ಬರೇ ವಟವಟ.”

ಮಂಟಪದಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ನಗು ಕೂಗಾಯಿತು. ಯಾರೋ ತಳಕಿನವನು ಕಂಬಳಿ ಮಾಮ ಎಂದ, ಉಳಿದವರು ಜೈ ಎಂದರು. ಮತ್ತೆ, ಮತ್ತೆ. ಆ ಪುಟ್ಟ ಫೋನಿನಿಂದ ಬಂದ ಸದ್ದು ಕೋಣೆಯ ತಗಡಿನ ಕಪಾಟುಗಳಿಗೆ ಬಡಿದು ದೊಡ್ಡದಾಯಿತು. ಮಾರ್ಗರೆಟ್ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದರು.

ಮಾಮ ಕುರ್ಚಿಯ ಕೈಯನ್ನು ಹಿಡಿದು, ನೋಯುವ ಕಾಲನ್ನು ಎತ್ತಿಟ್ಟುಕೊಂಡು, ಕೂತಲ್ಲೇ ಮೆಲ್ಲಗೆ ತಿರುಗಿ ಫೋನಿಗೆ ಬೆನ್ನು ಮಾಡಿದರು. ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡರು. ನಾವು ಚಿಕ್ಕಂದಿನಲ್ಲಿ ಭಾನುವಾರ ಭಾನುವಾರವೂ ಕಂಡ ಹಾಗೇ. ಮಂಟಪ ಇನ್ನಷ್ಟು ಕೂಗಿತು. ಚಳ್ಳಕೆರೆಯ ಗೋಡೆಯ ಮೇಲೆ ಆಗ ಕಂಡದ್ದು ಕಂಬಳಿ ಹೊದ್ದ ಅಗಲವಾದ ಬೆನ್ನು.

“ಕಂಡ್ನಪ್ಪ,” ಅಂದರು ಅವ್ವ. “ಚೆನ್ನಾಗ್ ಒಪ್ತೈತೆ.”

ನಾನು ನಿಂತಿದ್ದದ್ದು ಇನ್ನೊಂದು ಕಡೆ, ಗೋಡೆಯ ಹತ್ತಿರ. ಆದ್ದರಿಂದ ಅಲ್ಲಿದ್ದವರಲ್ಲಿ ಮುಖ ಕಂಡದ್ದು ನನಗೊಬ್ಬನಿಗೆ. ಮೋರೆ ಗಂಟಿಕ್ಕಿಯೇ ಇತ್ತು. ಕೈಗಳು ಕಿವಿಯ ಮೇಲೇ ಇದ್ದವು. ಆದರೆ ಬೆರಳುಗಳು ಒಂದಕ್ಕೊಂದು ಕೂಡಿರಲಿಲ್ಲ. ಪ್ರತಿ ಎರಡು ಬೆರಳಿನ ನಡುವೆಯೂ ಸದ್ದು ನುಗ್ಗುವಷ್ಟು ಸಂದಿ ಇತ್ತು. ಕೂಗು ನಿಲ್ಲುವವರೆಗೂ ಅವರು ಹಾಗೇ ಕೂತಿದ್ದರು.

ಉಳಿದದ್ದು ಬರೆದುಕೋ ಎಂದು ಅವರು ಹೇಳಿದ್ದಾರೆ. ಇದೂ ಅದರಲ್ಲಿ ಸೇರುತ್ತದೆ ಎಂದುಕೊಂಡು ಬರೆದಿದ್ದೇನೆ.